ಉದ್ಯೋಗ: ಒಂದು ಗೆರಿ

ಹೆಸರು ಬರದೀನಿ: ತಂಗೆವ್ವ ಇಂಗಳಗಿ.
ವಯಸ್ಸು ಬರದೀನಿ, ಅಂದಾಜಿನ ಮ್ಯಾಲ.
ಉದ್ಯೋಗ ಅಂತ ಒಂದು ಗೆರಿ ಬಿಟ್ಟೀರಿ, ಸಾಹೇಬ್ರ,
ನನ್ನ ಹೆಬ್ಬಟ್ಟಿನಷ್ಟು ಉದ್ದ.
ಅದರಾಗ ಯಾವುದನ್ನ ಹಿಡಿಸ್ಲಿ?

ಸಸೂನ್ ಡಾಕಿನ್ಯಾಗ ನಸುಕಿನ ಮೂರಕ್ಕ
ಸಿಗಡಿ ಸುಲದೀನಿ, ಬುಟ್ಟಿಗಿಷ್ಟು ಅಂತ.
ಉಗುರಿನ ಸಂದ್ಯಾಗ ಮುಳ್ಳು ಮುರದು ಕೀವಾದ್ರ
ಒಂದು ಚಿಟಿಕಿ ಅರಿಸಿಣ, ಮತ್ತ ಬರ್ಫಿನ್ಯಾಗ ಕೈ.
ಹೊಳ್ಳಿ ಬರೂಮುಂದ ಬಸ್ಸಿನ್ಯಾಗ
ನನ್ನ ಮಗ್ಗಲದ ಸೀಟು ಯಾವಾಗ್ಲೂ ಖಾಲಿ.
ಆರಾಮ ಕುಂದರತಿದ್ದೆ.

ಧಾರಾವಿಯೊಳಗ ಕಾಜಾ-ಗುಂಡಿ,
ನಾ ನೋಡದ ದೇಶದ ಅಂಗಿಗೆ.
ಪರೇಲಿನ ಆಸ್ಪತ್ರಿಯೊಳಗ ರಾತ್ರಿ ಪಾಳಿ ಆಯಾ:
ಸತ್ತವರ ಕಾಲ್ಬೆರಳು ಕೂಡಿಸಿ ಕಟ್ಟೂದು ಕಲಿಸಿದಾಕಿ ರೋಸಿಬಾಯಿ.
'ಗಂಟು ಬಿಗಿ ಹಾಕಬ್ಯಾಡ ತಂಗಿ,
ಮನಿಮಂದಿ ನೋಡ್ತಾರ' ಅಂತಿದ್ಲು.
ಒಂದು ಮಳಿಗಾಲ ಛತ್ರಿ ರಿಪೇರಿನೂ ಮಾಡೀನಿ,
ನಗಬ್ಯಾಡ್ರಿ.

ಆಮ್ಯಾಲ ಭಿಶಿ.
ಕಂಪನಿಯವ್ರು ಚಾಳಿಗೆ ಬಂದ್ರು,
'ನಿನ್ನ ಮಾತು ಎಲ್ಲಾರೂ ಕೇಳ್ತಾರ, ನೀನಽ ಕೂಡಿಸು.'
ನಲವತ್ತೊಂದು ಹೆಂಗಸರು, ವಾರಕ್ಕ ನೂರು.
ರಸೀದಿ ಮ್ಯಾಲ ನನ್ನ ಸಹಿ,
ಹುರುಪಿನಿಂದ ಕಲ್ತದ್ದು, ಬಾಲ ಎಳದು ಕೆಳಗ ಎರಡು ಚುಕ್ಕಿ.
ಒಂದು ಸೋಮವಾರ ಕಂಪನಿ ಶಟರ್ ಇಳಿಸ್ತು.
ಉಳದದ್ದು ರಸೀದಿ.
ಆ ಎರಡು ಚುಕ್ಕಿ ಹಿಡಕೊಂಡು ಬಂದ್ರು ಪೊಲೀಸರು.

ಭಾಯಖಳಾ ಜೈಲಿನ್ಯಾಗ ನಾಕು ವರ್ಸ ಏಳು ತಿಂಗಳು.
ಅದನ್ನೂ ಉದ್ಯೋಗದಾಗ ಬರೀಲೇನು?
ಕೆಲಸಕ್ಕೇನು ಕಡಿಮಿ ಇರಲಿಲ್ಲ.
ಅಕ್ಕಿ ಆರಿಸೂದು, ನಳದ ಮುಂದಿನ ಜಗಳ ಬಿಡಿಸೂದು,
ಒಳಗಽ ಹುಟ್ಟಿದ ಪಿಂಟಿನ್ನ ಆಡಿಸೂದು.
ಆಟ ಅಂದ್ರ ಅದಕ್ಕ ಒಂದಽ:
ಚಮಚ ಸಾಲಾಗಿ ನಿಂದ್ರಿಸಿ ಎಣಸೂದು,
ಮುಂಜಾನಿಗೊಮ್ಮೆ, ಸಂಜಿಗೊಮ್ಮೆ.
ಒಂದು ಕಡಿಮಿ ಬಿದ್ರ ಅಳತಿತ್ತು.

ನಿರ್ದೋಷಿ ಅಂತು ಕೋರ್ಟು, ಇಂಗ್ಲಿಷಿನ್ಯಾಗ.
ಕಾರಕೂನ ತಿರುಗಿಸಿ ಹೇಳಿದ.
ಹಂಗಾರ ನನಗ ಬಾಕಿ ಎಷ್ಟು ಬರತೈತಿ, ಕೇಳಿದೆ.
ಅಂವ ಚಹಾ ತರಿಸಿದ.

ಈಗ ಆ ಗೇಟಿನ ಎದುರಿಗಽ ಕುಂದರತೀನಿ,
ಕೀಲಿ ರಿಪೇರಿಯವನ ಬಾಕಿನ ಮ್ಯಾಲ.
ಯಾರದು ತಾರೀಖು, ಯಾರ ವಕೀಲ ಬರಲಿಲ್ಲ,
ಯಾರಿಗೆ ಮೂರು ತಿಂಗಳಾತು ಮುಟ್ಟು ನಿಂತು,
ವಹಿಯೊಳಗ ಎಲ್ಲಾ ಬರೀತೀನಿ, ವಾರಕ್ಕೊಮ್ಮೆ ನಿಮ್ಮಂಥವರಿಗೆ ಓದ್ತೀನಿ.
ಮುನೀರಾಗ ಜಾಮೀನು ಆಗಿ ಹದಿನಾಕು ತಿಂಗಳು,
ಕಟ್ಟಾಕ ಹದಿನೈದು ಸಾವಿರ ಇರಲಿಲ್ಲ.
ಡಾಕಿನ ಹೆಂಗಸರು ಇಪ್ಪತ್ತಿಪ್ಪತ್ತು ಕೂಡಿಸಿದ್ರು,
ನೋಟು ಎಲ್ಲಾ ಸಿಗಡಿ ವಾಸನಿ.
ಇದೂ ಭಿಶಿನ, ನೋಡ್ರಿ.
ಸಹಿ ಮಾಡೂಮುಂದ ಇನ್ನೂ ಕೈ ನಡಗತೈತಿ.
ಚುಕ್ಕಿ ಬಿಟ್ಟೀನಿ.

ಹೋದ ಸಭಾದಾಗ ಒಂದಽ ಮಾತು ಕೇಳಿದ್ದೆ:
ರಾತ್ರಿ ದೀಪ ಆರಸ್ರಿ.
ಅಷ್ಟು ವರ್ಸ ನಾ ಕತ್ತಲಿ ಕಂಡಿಲ್ಲ.
ಕಣ್ಣಿನ ಮ್ಯಾಲ ಸೆರಗು, ಸೆರಗಿನ ಮ್ಯಾಲ ಟ್ಯೂಬ್‌ಲೈಟು.
ಅತ್ರ ಎಪ್ಪತ್ತು ಮಂದಿಗೆ ಕಾಣತಿತ್ತು.
ಈಗ ಖೋಲಿಯೊಳಗ ಗುಂಡಿ ಒತ್ತಿ ಆರಸ್ತೀನಿ,
ಮತ್ತ ಹಚ್ತೀನಿ, ಮತ್ತ ಆರಸ್ತೀನಿ.
ಬಲ್ಬು ಸುಡತೈತಿ ಅಂತ ಮಗಳು ಬೈತಾಳ.

ನೀವು ತಲಿ ಹಾಕಿದ್ರಿ. ಬರಕೊಂಡ್ರಿ.
ಇವತ್ತು ಓದಿದ್ರಿ:
'ಬ್ಯಾರಕ್‌ಗಳಲ್ಲಿ ದೀಪದ ವ್ಯವಸ್ಥೆಯನ್ನು
ಇನ್ನಷ್ಟು ಉತ್ತಮಪಡಿಸತಕ್ಕದ್ದು.'

ಅಲ್ಲರೀ.
ಹೊಡೀರಿ ಅದನ್ನ.
ಉದ್ಯೋಗದ ಗೆರಿ ಹಂಗಽ ಖಾಲಿ ಇರವಲ್ದ್ಯಾಕ,
ಇದನ್ನ ಮೊದಲು ತಿದ್ರಿ.
ಕತ್ತಲಿ ಅಂತ ಬರೀರಿ.
ನಿಮ್ಮ ಮರಾಠಿಯೊಳಗ ಕಾಳೋಖ ಅಂತಾರ,
ನನಗ ಎರಡೂ ನಡೀತಾವ.
ಟೈಪಿನವ ಊಟಕ್ಕ ಹೋಗ್ಯಾನೇನು?
ಬರಲಿ.
ಕಾಯೂದು ನನಗ ರೂಢಿ ಐತಿ.