ಹದಿನೇಳನೇ ಕಲಂ

ಫಾರ್ಮಿನಲ್ಲಿ ಹದಿನಾರು ಕಲಂ ಸಲೀಸು.
ಗೋಡೆ ಮಣ್ಣಿನದೋ ಇಟ್ಟಂಗಿಯದೋ,
ಮೇಲೆ ಮಾಳಿಗೆಯೋ ತಗಡೋ,
ನಳ ಎಷ್ಟು ದಿನಕ್ಕೊಮ್ಮೆ, ಪಾಯಖಾನೆ ಉಂಟೋ ಬಯಲೋ,
ಒಲೆಗೆ ಗ್ಯಾಸೋ ಹತ್ತಿಕಟಗಿಯೋ.
ಹದಿನೇಳಕ್ಕೆ ಬಂದರೆ ಪೆನ್ನು ನಿಲ್ಲುತ್ತದೆ:
ಮನೆಗೆ ಹತ್ತಿರದ ಗುರುತು.

ಲಕ್ಕುಂಡಿಯಲ್ಲಿ ಗುರುತಿಗೇನು ಬರ!
ನೂರೊಂದು ಗುಡಿ, ನೂರೊಂದು ಬಾವಿ ಅಂತಾರೆ,
ಎಣಿಸಿದವರು ಮಾತ್ರ ನನಗೆ ಸಿಕ್ಕಿಲ್ಲ.
ಹೆಜ್ಜೆಗೊಂದು ನೀಲಿ ಬೋರ್ಡು, ಬಿಳಿ ಅಕ್ಷರ,
ಕೆಡಿಸಿದರೆ ದಂಡ, ಜೈಲು.
ಆದರೂ ಓಣಿಯ ಒಬ್ಬರೂ
ಗುಡಿಯ ಹೆಸರು ಬರೆಸಲಿಲ್ಲ.

ಕಳಕವ್ವ ಅಂದಳು, "ಬರ್ಕೋರಿ ಅಕ್ಕಾರ,
ಬೇವಿನ ಗಿಡದ ಬಲಕ್ಕ."
ತಿರುಗಿ ನೋಡಿದೆ. ಗಿಡ ಇಲ್ಲ.
"ರಸ್ತೆ ಅಗಲ ಮಾಡೂ ಮುಂದ ಕಡದ್ರು,
ನಾಕು ವರ್ಷಾತು.
ಪೋಸ್ಟಿನಂವ ಇನ್ನೂ ಅಲ್ಲೇ ಸೈಕಲ್ ನಿಂದರಸ್ತಾನ,
ನೆಳ್ಳು ಇದ್ದ ಕಡೆ."

ಖಾಸೀಮಸಾಬ ಪಿಂಜಾರ: "ಗಿರಣಿ ಹಿಂದ."
ಗಿರಣಿಗೆ ಬೀಗ, ಬೀಗಕ್ಕೆ ತುಕ್ಕು.
"ಮಳಿ ಬಂದಾಗ ಗೋಡಿಗೆ ಮೂಗು ಹಚ್ರಿ,
ಜ್ವಾಳದ ಹಿಟ್ಟಿನ ವಾಸನಿ ಬರತೈತಿ."
ಬರೆದುಕೊಂಡೆ. ವಾಸನೆಗೆ ಕಲಂ ಇಲ್ಲ.

ಅವನ ಮೊಮ್ಮಗಳು ರೇಷ್ಮಾ, ಐದನೇ ಇಯತ್ತೆ,
ನಡುವೆ ಬಾಯಿ ಹಾಕಿದಳು:
"ನಳ ಬಂದ ದಿನ ಗುರುತು ಬ್ಯಾಡರೀ ಟೀಚರ್,
ಜಗಳದ ಸದ್ದು ಹಿಡದು ಬಂದ್ರ
ನಮ್ಮ ಮನಿ ಮುಂದs ಬರ್ತೀರಿ."
ಒಂಬತ್ತು ದಿನಕ್ಕೊಮ್ಮೆ ನಳ.
ಸಾಲಿನಲ್ಲಿ ಹಸಿರು ಕೊಡ, ಕೆಂಪು ಕೊಡ,
ತೂತಿಗೆ ಮೇಣ ಮೆತ್ತಿದ ಒಂದು ಹಳದಿ ಕೊಡ.
ಅತ್ತ ಮೆಟ್ಟಿಲ ಬಾವಿಯಲ್ಲಿ
ಯಾರೂ ಸೇದದ ಪಾಚಿನೀರು,
ಕೆತ್ತಿದ ಗೂಡುಗಳೊಳಗೆ ಪಾರಿವಾಳ.

ಗುರುಸಿದ್ದವ್ವ ಬಡಿಗೇರಳ ಹಿತ್ತಲು ಬೇರೆ ಕಥೆ.
ಪಾಯಖಾನೆಗೆ ಕುಣಿ ತೋಡಿದರು.
ಮೂರು ಫೂಟಿಗೆ ಗುದ್ದಲಿ ಠಣ್ ಅಂತು.
ಕಲ್ಲಾನೆ, ಸೊಂಡಿಲಷ್ಟೇ ಹೊರಗೆ,
ಉಳಿದ ಮೈಯೆಲ್ಲ ಅಡಿಗೆಮನೆಯ ಕೆಳಗೆ ಇರಬೇಕು.
ಸಾಹೇಬರು ಬಂದು ಅಳೆದು,
ಸುತ್ತ ಸುಣ್ಣದ ಗೆರೆ ಎಳೆದು ಹೋದರು.
"ಎರಡು ಮಳಿಗಾಲಾತು, ಸುಣ್ಣ ತೊಳದು ಹೋತು,
ಸಾಹೇಬ್ರು ಹೊಳ್ಳಿ ಬರಲಿಲ್ಲ.
ಆನಿ ಮಗ್ಗಲ ಮನಿ ಅಂತ ಬರೀರಿ."
ಕುಣಿಯ ಮೇಲೆ ತಗಡು, ತಗಡಿನ ಮೇಲೆ ಕಲ್ಲು,
ಕಲ್ಲಿನ ಮೇಲೆ ಒಣಗಲು ಹಾಕಿದ ಹಪ್ಪಳ.

ದನಿ ಇಳಿಸಿ ಅಂದಳು:
"ನಸಿಕಲೆ ಚರಿಗಿ ಹಿಡದು ಹೊಲಕ್ಕ ಹೊಕ್ಕೀವಿ.
ದೂರ ಕಪ್ಪತಗುಡ್ಡದ ಕಡೆ
ಗಾಳಿಕಂಬದ ಕೆಂಪು ದೀಪ ಕಣ್ಣು ಮಿಟಕಸ್ತಾವ.
ಅವಕ್ಕೂ ನಾಚಿ
ಬೆನ್ನು ತಿರಿವಿ ಕೂಡ್ತೀವಿ."
ಹದಿನಾಲ್ಕನೇ ಕಲಂಗೆ ಮರಳಿ ಹೋಗಿ
'ಇದೆ' ಅಂತ ಹಾಕಿದ್ದನ್ನು ಹೊಡೆದು ಹಾಕಿದೆ.

ನನ್ನದು ಬೆಟಗೇರಿ. ಅಪ್ಪನ ಮಗ್ಗ ಮಾರಿ ಹನ್ನೊಂದು ವರ್ಷ.
ಮೊದಲೆಲ್ಲ ಆಟೋದವರಿಗೆ
ಖಟಖಟ ಕೇಳುವ ಮೂರನೇ ಬಾಗಿಲು ಅಂದರೆ ಸಾಕು.
ಈಗ ಟ್ರಾನ್ಸ್‌ಫಾರ್ಮರ್ ಎದುರು ಅನ್ನುತ್ತೇನೆ.

ಸಂಜೆ ಸುಪರ್‌ವೈಜರ್ ಫೋನು:
"ಏನ್ರೀ ಇದು, ಇಲ್ಲದ ಗಿಡ, ಹೂತ ಆನಿ?
ಲಿಸ್ಟಿನಾಗ ಗುಡಿ, ಮಸೂತಿ, ಸಾಲಿ, ಬ್ಯಾಂಕು ಅದಾವಲ್ಲ,
ಒಂದು ಒತ್ರಿ. ಇಲ್ಲಾಂದ್ರ 'ಇತರೆ'."
ಒತ್ತಿದೆ. ಇತರೆ, ಇತರೆ, ಇತರೆ.
ಇಡೀ ಓಣಿ ಇತರೆ ಆಯಿತು.

ಬಸ್ಸಿಗೆ ನಿಂತಾಗ ಧಾರವಾಡ ಕಡೆಯ ಕಾರೊಂದು,
ಗಾಜು ಇಳಿಸಿ ಕೇಳಿದರು,
"ಮುಸುಕಿನ ಬಾವಿ ಎಲ್ಲಿ ಬರ್ತದ?"
ಬೋರ್ಡು ನೋಡಿ ಅನ್ನಬಹುದಿತ್ತು.
"ಗಿರಣಿ ದಾಟ್ರಿ. ಹಪ್ಪಳ ಒಣಗಿಸಿದ ತಗಡು ಕಾಣತೈತಿ,
ಒಳಗ ಆನಿ ಐತಿ, ಹಾರ್ನ್ ಹೊಡೀಬ್ಯಾಡ್ರಿ.
ಮುಂದ ಬೇವಿನ ಗಿಡ ಇಲ್ಲದ ಕಡೆ ಎಡಕ್ಕ."

ಬಸ್ಸು ತಡ. ಕಾರು ಹೊಳ್ಳಿ ಬಂತು.
"ಸಿಕ್ಕತೇನ್ರಿ?"
"ಸಿಕ್ಕತ್ರಿ," ಅಂದ ಡ್ರೈವರ್.
"ಆ ಗಿಡದ ಬುಡಕs ಗಾಡಿ ಹಚ್ಚಿದ್ದೆ.
ಯಾರದೋ ಸೈಕಲ್ಲೂ ಅಲ್ಲೇ ನಿಂತಿತ್ತು."