ರೆಡ್ ಆಕ್ಸೈಡ್ ಬಳಿಯುವ ಮೊದಲು

ಕೂಳೂರು ಸಂಕದ ಆಚೆ, ಹೊಳೆಬದಿಯ ನನ್ನ ಶೆಡ್ಡಿಗೆ
ಇದಿನಬ್ಬರ ಲಾರಿ ಬಂದದ್ದು ಸೋಮವಾರ,
ಎಳೆಸಿಕೊಂಡಲ್ಲ, ತನ್ನ ಕಾಲಲ್ಲೇ,
ಎಡಬಾಗಿಲನ್ನು ನೈಲಾನ್ ಹಗ್ಗದಲ್ಲಿ ಬಿಗಿದುಕೊಂಡು.

"ಎಫ್‌ಸಿಗೆ ಒಂಬತ್ತೇ ದಿನ ಉಂಟು ಬೊನಾ,
ಸ್ವಲ್ಪ ಪುಟ್ಟಿ ಮೆತ್ತು, ಮೇಲಿಂದ ಬಣ್ಣ ಹೊಡಿ.
ಇನ್ಸ್‌ಪೆಕ್ಟರು ಏನು ತಟ್ಟಿ ನೋಡುತ್ತಾರಾ ಮಾರಾಯ?"

ನಾನು ತಟ್ಟಿ ನೋಡುತ್ತೇನೆ.
ಜೀವ ಇರುವ ತಗಡು ಟಣ್ ಎನ್ನುತ್ತದೆ.
ಹಲಸು ಹಣ್ಣಾಯಿತೋ ಎಂದು ಅಮ್ಮ
ಬೆರಳ ಗೆಣ್ಣಿನಲ್ಲಿ ಬಡಿದು ಕಿವಿಗೊಡುತ್ತಿದ್ದಳಲ್ಲ,
ಆ ಬೊದ್ ಎಂಬ ಸದ್ದು
ಹಲಸಿನಲ್ಲಿ ಬಂದರೆ ಸುಖ,
ಬಾಗಿಲಲ್ಲಿ ಬರಬಾರದು.

ಮೊದಲ ಹತ್ತು ವರ್ಷ ಈ ಲಾರಿ ಹೊತ್ತದ್ದು ಮುರಕಲ್ಲು.
ಕಲ್ಲು ಮೈ ಜಜ್ಜಿತು. ಜಜ್ಜಿದ್ದನ್ನು ಸುತ್ತಿಗೆಯಿಂದ ಎತ್ತಬಹುದು.
ಆಮೇಲೆ ಮೀನು.
ಮೀನು ಏನೂ ಮಾಡಲಿಲ್ಲ, ಸುಮ್ಮನೆ ಸೋರಿತು:
ದಕ್ಕೆಯಿಂದ ಹಾಸನದವರೆಗೆ, ಘಾಟಿಯ ತಿರುವು ತಿರುವಿಗೆ
ಐಸು ಕರಗಿದ ಉಪ್ಪುನೀರು
ಹಲಗೆಯಿಂದ ಸಂದಿಗೆ, ಸಂದಿಯಿಂದ ಚಾಸಿಗೆ,
ಅಲ್ಲಿಂದ ಕ್ಯಾಬಿನ್ನಿನ ಹೊಟ್ಟೆಗೆ.

ಎರಡು ದಿನ ಕೆರೆದೆವು, ನಾನೂ ನಿಹಾಲನೂ,
ವೈರ್ ಬ್ರಶ್ಶು, ಗ್ರೈಂಡರು, ಮೂಲೆಗಳಿಗೆ ಹಳೆಯ ಉಳಿ.
ಉದುರಿದ್ದನ್ನು ಗುಡಿಸಲು ಹೋದ ಹುಡುಗ
ಪೊರಕೆ ಹಿಡಿದು ನಿಂತುಬಿಟ್ಟ.
ಅಂಗಳ ಮುರಕಲ್ಲಿನದು.
ಎಲ್ಲಿಯವರೆಗೆ ತುಕ್ಕು, ಎಲ್ಲಿಂದ ನೆಲ?
ನನಗೂ ಗೊತ್ತಾಗಲಿಲ್ಲ. ಇರಲಿ ಬಿಡು ಎಂದೆ.

ಬುಧವಾರ ಎಡಬಾಗಿಲು.
ಕೆಳಗಂಚಿನಲ್ಲಿ ಹೆಬ್ಬೆರಳು ದಪ್ಪದ ಪುಟ್ಟಿ.
"ಯಾವನೋ ಕಳ್ಳ, ಕಸುಬಿನ ಹೆಸರು ಕೆಡಿಸಲಿಕ್ಕೆ ಹುಟ್ಟಿದವ,"
ಎಂದು ಶುರುಮಾಡಿದವನು ಅರ್ಧ ಗಂಟೆ ಬೈದೆ.
ನಿಹಾಲ್ ಭಕ್ತಿಯಿಂದ ಕೇಳಿದ.
ಉಳಿ ಕೊಟ್ಟಾಗ ಪುಟ್ಟಿ ಹೆಂಚಿನಂತೆ ಕಳಚಿತು,
ಹಿಂದೆ, ತೂತಿಗೆ ತುರುಕಿದ ಪೇಪರು.
ನಾಲ್ಕು ಮಡಿಕೆ, ತುದಿ ಒಳಕ್ಕೆ.

ಹಾಗೆ ಮಡಚುವವನು ಈ ಹೊಳೆಬದಿಯಲ್ಲಿ ಒಬ್ಬನೇ.

ಬಿಡಿಸಿದೆ. ತೇವಕ್ಕೆ ಅಕ್ಷರಗಳು ಒಂದರೊಳಗೊಂದು.
ತಾರೀಕು ಮೊಂತಿ ಫೆಸ್ತಿನ ಹಿಂದಿನ ದಿನದ್ದು, ಹದಿಮೂರು ವರ್ಷದ ಹಿಂದಿನದು.
ಬಾಡಿಗೆಗೆ ಕೋಣೆ ಉಂಟು, ಮಾಂಸಾಹಾರಿಗಳಿಗೂ ಅಡ್ಡಿಯಿಲ್ಲ.
ಮೇಲ್ಸೇತುವೆ ಬರುವ ವರ್ಷ ಖಂಡಿತ ಮುಗಿಯುತ್ತದೆ.
ಆಗ ಲಾರಿ ಹಸಿರು, ಬೇರೆ ಧಣಿ, ಹಣೆಗೆ ಬೇರೆ ಹೆಸರು.
ತಂಗಿಯ ಮಗಳಿಗೆ ಹೂವಿನ ಬುಟ್ಟಿ ತರಲಿಕ್ಕಿತ್ತು.
ಐದು ಗಂಟೆಗೆ ಶೆಡ್ಡು ಮುಚ್ಚಬೇಕಿತ್ತು.

"ಯಾರ ಕೆಲಸ ಬೊನಣ್ಣ ಇದು?"
"ಹೋಗಿ ಎರಡು ಚಾ ತಾ."

ಬಾಗಿಲಿಗೆ ಕಂಪೆನಿಯೇ ಕೊಟ್ಟ ಮೂರು ತೂತಿರುತ್ತವೆ,
ಒಳಗೆ ಹೋದ ನೀರು ಇಳಿದುಹೋಗಲಿಕ್ಕೆ.
ನನ್ನ ಪುಟ್ಟಿ ಮೂರನ್ನೂ ಮುಚ್ಚಿತ್ತು.
ಉಪ್ಪು ತಿಂದದ್ದು ಎಷ್ಟು, ನಾನು ತಿನ್ನಿಸಿದ್ದು ಎಷ್ಟು,
ಆ ಲೆಕ್ಕ ಯಾವ ಗೇಜಿನಲ್ಲೂ ಸಿಗುವುದಿಲ್ಲ.

ಕತ್ತರಿಸಿದೆ.
ತುಕ್ಕು ಕಂಡಲ್ಲಿಗೆ ನಿಲ್ಲಿಸಿದರೆ ವೆಲ್ಡಿಂಗಿಗೆ ಹಿಡಿತವಿಲ್ಲ,
ಅದರಾಚೆ ಎರಡು ಬೆರಳು ಒಳ್ಳೆಯ ತಗಡೂ ಹೋಗಬೇಕು.
ಹದಿನೆಂಟು ಗೇಜಿನ ಹೊಸ ತುಂಡು,
ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಟ್ಟು,
ಅವಸರ ಮಾಡಿದರೆ ತಗಡು ಹಪ್ಪಳವಾಗುತ್ತದೆ.
ಮೂರು ತೂತನ್ನೂ ಮೊಳೆ ಹಾಕಿ ಬಿಡಿಸಿದೆ,
ಒಂದು ಚೊಂಬು ನೀರು ಹುಯ್ದು ನೋಡಿದೆ.
ಇಳಿಯಿತು.

ಶನಿವಾರ ಇದಿನಬ್ಬರು ಬಿಲ್ಲಿನ ಮೇಲೆ ಬೆರಳಾಡಿಸಿದರು.
"ಎಡಬಾಗಿಲು ಬರೆದೇ ಇಲ್ಲವಲ್ಲ?"
"ಅದರದ್ದು ಮೊದಲೇ ಸಂದಿದೆ."
"ಯಾರು ಕೊಟ್ಟದ್ದು?"
ನಾನು ಥಿನ್ನರಿನಲ್ಲಿ ಕೈ ಉಜ್ಜುತ್ತಿದ್ದೆ, ತುಂಬಾ ಹೊತ್ತು.
ಅವರು ನನ್ನ ಮುಖ ನೋಡಿದರು, ಬಾಗಿಲು ನೋಡಿದರು,
ಗೆಣ್ಣಿನಿಂದ ಒಮ್ಮೆ ತಟ್ಟಿದರು.

ಈಗ ರೆಡ್ ಆಕ್ಸೈಡ್. ವಿಚಿತ್ರ ಕಸುಬು,
ತುಕ್ಕನ್ನೆಲ್ಲ ತೆಗೆದು ತುಕ್ಕಿನ ಬಣ್ಣವನ್ನೇ ಬಳಿಯುವುದು.
ಗಾಜಿಗೆ ಹನಿ ಹಾರದಂತೆ ನಿಹಾಲ್ ಪೇಪರು ಅಂಟಿಸುತ್ತಿದ್ದಾನೆ,
ಹೊರಗಿನಿಂದ, ಟೇಪು ಹಾಕಿ, ಒಣಗಿದ ಮೇಲೆ ಕಿತ್ತು ಬಿಸಾಡಲಿಕ್ಕೆ.
ಇವತ್ತಿನದು. ನಾನಿನ್ನೂ ಓದಿರಲಿಲ್ಲ.
ಕುತ್ತಿಗೆ ಓರೆ ಮಾಡಿ ಗಾಜಿನ ಮೇಲೇ ಓದಿದೆ:
ಮೇಲ್ಸೇತುವೆಯಡಿ ಮೊಣಕಾಲು ನೀರು,
ಚರಂಡಿಗೆ ದಾರಿ ಬಿಟ್ಟಿಲ್ಲವಂತೆ.