ಒಂದೇ ಮೈಕು

ಕುತೈಸಿಯ ಬಿಳಿಗಲ್ಲಿನ ಹೊಳೆ, ಅದರ ಸೇತುವೆ,
ಸೇತುವೆ ಬುಡದಲ್ಲಿ ನನ್ನ ಅಂಗಡಿ:
ಕೆಟ್ಟ ರೇಡಿಯೊ, ಯಾರೋ ಬಿಟ್ಟುಹೋದ ಸ್ಪೀಕರು,
ಕಿವಿ ಸವೆದ ಹೆಡ್‌ಫೋನು.
ಒಂದು ಮಂಗಳವಾರ ಅಕ್ಕತಂಗಿಯರು ಬಂದರು,
ಸಿಯಾಲಾ, ಲಮಾರಾ, ಕಿರಿಯಳು ಗುಲ್ನಾಜಿ,
ಮೊದಲಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಹಗೆ.

"ಮನೆಯಲ್ಲೇ ರೆಕಾರ್ಡು ಮಾಡಬೇಕು. ಚೆನ್ನಾಗಿ ಬರಬೇಕು.
ಅಗ್ಗವೂ ಆಗಬೇಕು," ಅಂದಳು ಗುಲ್ನಾಜಿ,
ಆಗದ ಮಾತೆಂದು ಗೊತ್ತಿದ್ದೇ ನಕ್ಕು.
"ಮೂರು ಮೈಕು ಕೊಡಿ," ಸಿಯಾಲಾ.
"ಮೂರು ಕೋಣೆ ಇದ್ದರೆ ಇನ್ನೂ ವಾಸಿ,"
ಲಮಾರಾ, ಗೋಡೆಗೆ ಹೇಳಿದಂತೆ.
ಅವ್ವನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳ,
ಹನ್ನೊಂದು ವರ್ಷದ್ದು. ಆಮೇಲೆ ತಿಳಿಯಿತು.

ವ್ಯಾಪಾರಿ ನಾನು. ಮಾರಬಹುದಿತ್ತು.
ಮೂರು ಮೈಕೆಂದರೆ ಮೂರು ಸ್ಟ್ಯಾಂಡು, ಮೂರು ಕೇಬಲ್ಲು,
ನಾಲ್ಕು ಕಿಂಡಿಯ ಇಂಟರ್‌ಫೇಸು;
ಅಂಗಡಿಯ ಬಾಡಿಗೆ ಅಲ್ಲೇ ಹುಟ್ಟುತ್ತಿತ್ತು.
ಹಾಳು ನಾಲಿಗೆ ಬೇರೆಯದನ್ನೇ ಹೇಳಿತು:
ಮೊದಲು ಮನೆ ತೋರಿಸಿ.

ಐದನೇ ಮಹಡಿ. ಲಿಫ್ಟು ಕೆಟ್ಟಿದೆ.
ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ.
ಗೋಡೆ ಅದನ್ನು ತಿರುಗಿಸಿ ಕೊಟ್ಟಿತು, ತಗಡಿನ ರುಚಿ ಬೆರೆಸಿ.
ಕಂಡೆನ್ಸರ್ ಮೈಕು ಚಾಡಿಕೋರ ಇದ್ದ ಹಾಗೆ, ಅಂದೆ,
ಕೇಳಿದ್ದನ್ನೆಲ್ಲ ಹೇಳಿಬಿಡುತ್ತದೆ:
ಕೆಳಗಿನ ಬಸ್ಸು, ಪಕ್ಕದ ಮನೆಯ ಮಗು,
ಫ್ರಿಜ್ಜಿನ ಗೊಣಗು, ನಿಮ್ಮ ಮೊಣಕಾಲ ಲಟಿಕೆ.
ಅದರ ಬಾಯಿ ಕಟ್ಟುವುದು ಕೋಣೆಯ ಕೆಲಸ.
ಹಾಸಿಗೆ ಎತ್ತಿ ಗೋಡೆಗೊರಗಿಸಿ,
ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ,
ಆ ಉಣ್ಣೆ ಕಂಬಳಿ ತನ್ನಿ.

ಗುಲ್ನಾಜಿ ಕಾಫಿಗೆ ಹೋಗಿದ್ದಳು.
ನಾನು ಕುರ್ಚಿಯ ಮೇಲೆ, ಬಾಯಲ್ಲಿ ಮೊಳೆ.
ಕಂಬಳಿಯ ಒಂದು ತುದಿ ಸಿಯಾಲಾ ಹಿಡಿದಳು.
ಇನ್ನೊಂದನ್ನು, ಬೇರೆ ಯಾರೂ ಇಲ್ಲವಾಗಿ, ಲಮಾರಾ.

ಫ್ರಿಜ್ಜು ಆರಿಸಿದೆ. ಮರೆಯದಿರಲು ಹಳೇ ಉಪಾಯ:
ಎಲ್ಲರ ಕೀಲಿಗೊಂಚಲೂ ಅದರೊಳಗೇ, ಚೀಸಿನ ಪಕ್ಕ.
ಮತ್ತೆ ಚಾಲೂ ಮಾಡದೆ ಯಾರೂ ಹೊರಡುವ ಹಾಗಿಲ್ಲ.

ಮೈಕು ಒಂದೇ. ಜಾಲರಿ ಒಂದು ಕಡೆ ತಗ್ಗಿದ್ದು.
ದಪ್ಪ ದನಿ ಒಂದು ಹೆಜ್ಜೆ ಹಿಂದೆ,
ಏರುದನಿ ಸ್ವಲ್ಪ ಓರೆಗೆ, ನಡುವಿನದು ನೇರ,
ಭುಜಕ್ಕೆ ಭುಜ ತಾಗಲಿ.
ಏರಿಸುವ ಇಳಿಸುವ ಗುಂಡಿ ನಿಮ್ಮ ಕಾಲೇ.
"ಆಮೇಲೆ ಒಂದೊಂದೇ ದನಿ ಬೇರೆ ಮಾಡಬಹುದಾ?"
ಆಗದು ಲಮಾರಾ. ಹಾಲಿಗೆ ಬಿದ್ದ ನೀರು.

ಮೊದಲ ಸಲ ಲಮಾರಾ ತಡವಾಗಿ ಸೇರಿದಳು.
ಎರಡನೆಯ ಸಲ ಸಿಯಾಲಾ ಶ್ರುತಿ ಜಾರಿದಳು.
ಆಮೇಲೆ ಹಾಡೇ ಬರಲಿಲ್ಲ, ಮಾತು ಬಂತು:
ಯಂತ್ರ, ಅದರ ಪೆಡಲು,
ಯಾರ ಕಾಲು ಎಷ್ಟು ರಾತ್ರಿ ತುಳಿದದ್ದು.
ಲಮಾರಾ ಕೋಟು ಎಳೆದುಕೊಂಡು ಬಾಗಿಲವರೆಗೆ ಹೋದಳು,
ಜೇಬು ತಡಕಿದಳು,
ಬಿರಬಿರನೆ ಮರಳಿ ಫ್ರಿಜ್ಜು ತೆರೆದಳು.
ಕತ್ತಲಲ್ಲಿ ಕೈಯಾಡಿಸುತ್ತ ನಿಂತಳು.

"ಕೆಂಪು ದಾರದ್ದು ನಿನ್ನದು," ಅಂದಳು ಸಿಯಾಲಾ.

ಜಗಳವಲ್ಲದ ಒಂದು ವಾಕ್ಯ.
ಮೈಕು ಅದನ್ನೂ ಕೇಳಿಸಿಕೊಂಡಿದೆ, ನಾನು ನಿಲ್ಲಿಸಿರಲಿಲ್ಲ;
ಆಮೇಲೆ ಕೀಲಿ ಮರಳಿ ತಟ್ಟೆಗೆ ಬಿದ್ದ ಸದ್ದು,
ಫ್ರಿಜ್ಜಿನ ಬಾಗಿಲು, ಕೋಟಿನ ಸರಸರ,
ಒಂದೇ ಸಲಕ್ಕೆ ಮೂರು ಉಸಿರು.

ಆ ತಿಂಗಳ ಬಾಡಿಗೆ ಬಾಕಿ ಉಳಿಯಿತು.
ಮರುದಿನ ಗುಲ್ನಾಜಿಯ ಫೋನು, ಬೈಗುಳದಿಂದಲೇ ಶುರು:
ಚೀಸು ಪೂರ್ತಿ ಹಾಳಾಯಿತಂತೆ,
ಬೆಳಗಿನವರೆಗೆ ಯಾರೂ ಕೀಲಿ ಕೇಳಲೇ ಇಲ್ಲವಂತೆ.